ಮತದಾರನ ಮೈಬಣ್ಣವೂ ಮನಸ್ಸೂ

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬಂದೂಕಿನ ಪ್ರಶ್ನೆಯು ತಲೆಯೆತ್ತಿದಾಗಲೆಲ್ಲ, ಕಪ್ಪು ವರ್ಣದ ಮತದಾರರೆಲ್ಲರೂ ಬಿಗಿಯಾದ ಕಾಯಿದೆಯನ್ನೇ ಬಯಸುವರೆಂದು ರಾಜಕಾರಣಿಗಳು ಮೊದಲೇ ಲೆಕ್ಕ ಹಾಕಿಬಿಡುವರು. ಅವರಲ್ಲಿ ಬಹುಜನರ ಅಭಿಪ್ರಾಯವು ಅಂತಹದೇ ಆಗಿರುವದು ನಿಜ. ಗುಂಡೇಟಿಗೆ ಮಕ್ಕಳನ್ನು ಕಳೆದುಕೊಂಡ ಮನೆಗಳ ದುಃಖವು ಅದರ ಹಿಂದಿರುವದು. ಆದರೆ ಬಹುಜನರೆಂದ ಮಾತ್ರಕ್ಕೆ ಎಲ್ಲರೂ ಎಂದಾಗುವದೇ?

ವಾಚಕರು ಇತಿಹಾಸದ ಕಡೆಗೆ ದೃಷ್ಟಿಯನ್ನು ಹರಿಸಲಿ. ಆಯುಧದ ಹಕ್ಕು 1791ರಲ್ಲಿಯೇ ಆ ದೇಶದ ಸಂವಿಧಾನವನ್ನು ಸೇರಿತು. ಆದರೂ 1865ರಲ್ಲಿ ಮಿಸಿಸಿಪಿ ಸಂಸ್ಥಾನವು, ದಾಸ್ಯದಿಂದ ಬಿಡುಗಡೆ ಹೊಂದಿದವರು ಪರವಾನಿಗೆಯಿಲ್ಲದೆ ಆಯುಧವನ್ನಿಡಕೂಡದೆಂದು ಕಟ್ಟಳೆ ಮಾಡಿತು. 1956ರಲ್ಲಿ ಮಾರ್ಟಿನ್ ಲೂಥರ್ ಕಿಂಗರ ಮನೆಯ ಮೇಲೆ ಬಾಂಬು ಬಿದ್ದಿತು. ಮುಂದೆ ಅಹಿಂಸೆಗಾಗಿಯೇ ಜಗದ್ವಿಖ್ಯಾತರಾದ ಅವರು ಆಗ ಪಿಸ್ತೂಲಿನ ಪರವಾನಿಗೆಯನ್ನು ಬೇಡಿದರು, ಅದು ದೊರೆಯಲಿಲ್ಲ. ಷಿಕಾಗೋ ನಗರದ ಪಿಸ್ತೂಲು ನಿಷೇಧದ ವಿರುದ್ಧ ಸುಪ್ರೀಮ್ ಕೋರ್ಟಿನವರೆಗೆ ಹೋಗಿ 2010ರಲ್ಲಿ ಗೆದ್ದವರಲ್ಲಿ ಮುಖ್ಯರಾದ ಓಟಿಸ್ ಮೆಕ್‌ಡೊನಾಲ್ಡರು ಕಪ್ಪು ವರ್ಣದ ವೃದ್ಧರೇ.

ಒಂದೇ ಸಂಕಟವನ್ನುಂಡ ಜನರಲ್ಲಿ ಒಬ್ಬನು ಬಂದೂಕಿಗೆ ಅಂಜುವನು. ಇನ್ನೊಬ್ಬನು ಬಂದೂಕಿಲ್ಲದಿರುವದಕ್ಕೆ ಅಂಜುವನು. ಇಬ್ಬರ ಅಂಜಿಕೆಗೂ ಕಾರಣವುಂಟು. ಹೀಗಿರಲು ಒಂದು ಪಕ್ಷವು ಇವರ ಮತವನ್ನು ತನ್ನ ಪಿತ್ರಾರ್ಜಿತ ಸೊತ್ತೆಂದು ಬಗೆದರೆ, ಮತ್ತೊಂದು ಪಕ್ಷವು ದೊರೆಯಲಾರದ ಮತವೆಂದು ಇವರ ಓಣಿಗೇ ಕಾಲಿಡದು. ಎರಡು ಬಗೆಯಿಂದಲೂ ಹಾನಿಯು ಮತದಾರನಿಗೇ. ಅವನ ಬಾಗಿಲಿಗೆ ಹೋಗಿ, ಅವನ ಮಾತನ್ನು ಅವನ ಬಾಯಿಂದಲೇ ಕೇಳುವದು ಪ್ರಜಾಪ್ರಭುತ್ವದ ಮೊದಲನೆಯ ಪಾಠವಲ್ಲವೇ?