ಎರಡು ಪಾರ್ಟಿಶನ್ ಒಂದಾಗಿಸುವ ಮುನ್ನ



ನಿಮ್ಮ ಲಿನಕ್ಸ್ ಕಂಪ್ಯೂಟರಿನಲ್ಲಿ ಫೋಟೋಗಳಿರುವ ಪಾರ್ಟಿಶನ್ ತುಂಬಿ, ಪಕ್ಕದ್ದು ಬಹುತೇಕ ಖಾಲಿ ಬಿದ್ದಿದೆಯೇ? ಜಿಪಾರ್ಟೆಡ್ ಎಂಬ ಉಚಿತ ತಂತ್ರಾಂಶದಿಂದ ಎರಡನ್ನೂ ಒಂದಾಗಿಸಬಹುದು. ಆದರೆ ಇದ್ದ ಹಾಗೆಯೇ ಜೋಡಿಸುವ ಸೌಲಭ್ಯ ಅದರಲ್ಲಿಲ್ಲ. ಒಂದನ್ನು ಅಳಿಸಿ, ಆ ಜಾಗವನ್ನು ಇನ್ನೊಂದಕ್ಕೆ ಸೇರಿಸಬೇಕು.

ಆದ್ದರಿಂದ ಮೊದಲು ಎರಡರಲ್ಲೂ ಇರುವುದನ್ನೆಲ್ಲ ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಕೆಲವು ಫೈಲ್‌ಗಳನ್ನು ತೆರೆದು ನೋಡಿ. ಅಗಲಿದ ಹಿರಿಯರ ಫೋಟೋ ಮತ್ತೆ ಸಿಗದು. ಇತರರು ನಿಮ್ಮಲ್ಲಿಟ್ಟ ದಾಖಲೆಗಳೂ ಅಮಾನತು ಎಂಬುದು ನೆನಪಿರಲಿ.

ಬಳಿಕ ಜಿಪಾರ್ಟೆಡ್ ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆರಂಭಿಸಿ. ಪಾರ್ಟಿಶನ್ ಹೆಸರಿನ ಬಳಿ ಬೀಗದ ಗುರುತು ಕಂಡರೆ ಅನ್‌ಮೌಂಟ್ ಮಾಡಿ. ಬೇಡವಾದುದನ್ನು ಆರಿಸಿ 'ಡಿಲೀಟ್', ಬೇಕಾದುದನ್ನು ಆರಿಸಿ 'ರಿಸೈಜ್/ಮೂವ್' ಕೊಡಿ. 'ಅಪ್ಲೈ' ಒತ್ತುವ ತನಕ ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ; ತಪ್ಪೆನಿಸಿದರೆ 'ಅನ್‌ಡೂ' ಇದೆ.

ಖಾಲಿ ಜಾಗ ಪಕ್ಕದಲ್ಲೇ ಇರಬೇಕು. ಅದು ಬಲಗಡೆ ಇದ್ದರೆ ಕೆಲಸ ಬೇಗ ಮುಗಿಯುತ್ತದೆ. ಎಡಗಡೆ ಇದ್ದರೆ ಒಳಗಿನ ದತ್ತಾಂಶವನ್ನೆಲ್ಲ ಸರಿಸಬೇಕಾದ್ದರಿಂದ ಗಂಟೆಗಟ್ಟಲೆ ಹಿಡಿಯಬಹುದು. ನಡುವೆ ಕರೆಂಟ್ ಹೋದರೆ ಎಲ್ಲವೂ ಹಾಳಾದೀತು. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ, ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ, ಮಕ್ಕಳು ಸ್ವಿಚ್ ಮುಟ್ಟದಂತೆ ನೋಡಿಕೊಳ್ಳಿ.

ಕೊನೆಗೆ, ಅಳಿಸಿದ ಪಾರ್ಟಿಶನ್‌ನ ಸಾಲು 'ಎಫ್‌ಎಸ್‌ಟ್ಯಾಬ್' ಕಡತದಲ್ಲಿದ್ದರೆ ಅದನ್ನೂ ತೆಗೆಯಿರಿ. ಇಲ್ಲವಾದರೆ ಕಂಪ್ಯೂಟರ್ ಆರಂಭದಲ್ಲೇ ಅದಕ್ಕಾಗಿ ಹುಡುಕುತ್ತಾ ನಿಂತುಬಿಡಬಹುದು. ಎಲ್ಲವನ್ನೂ ಪರಿಶೀಲಿಸಿ, ಬಿಸ್ಮಿಲ್ಲಾ ಹೇಳಿ, 'ಅಪ್ಲೈ' ಒತ್ತಿರಿ. ಹೊರಗಿನ ನಕಲನ್ನು ಮಾತ್ರ ಆಮೇಲೂ ಅಳಿಸಬೇಡಿ.