ನಾಲ್ಕು ಶ್ಲೋಕದಷ್ಟು ನೆನಪು

ಕಂಠಪಾಠವೆಂದೊಡನೆ ಮೂಗು ಮುರಿಯುವ ಕಾಲವಿದು. ಕೇಳಿದ ಮಾತ್ರಕ್ಕೆ ಉತ್ತರವೀಯುವ ಸಂಭಾಷಣಾ ಯಂತ್ರವು ಮೊಬೈಲಿನೊಳಗೇ ಕುಳಿತಿರುವಾಗ ಮಕ್ಕಳಿಗೆ ಮಗ್ಗಿಯೇಕೆ, ಅಮರಕೋಶವೇಕೆ ಎಂಬ ವಾದವು ನಗರಗಳನ್ನು ದಾಟಿ ಶಿಂಷಾತೀರದ ವೈದ್ಯನಾಥಪುರದಂತಹ ಊರುಗಳಿಗೂ ಬಂದು ಮುಟ್ಟಿದೆ. ಈ ವಾದಕ್ಕೆ ಪಂಡಿತರಿಂದಲ್ಲ, ಹಳೆಯದೊಂದು ಆಟಿಕೆಯಿಂದ ಪ್ರತ್ಯುತ್ತರ ದೊರೆತಿರುವುದು ಅಧ್ಯಾಪಕವರ್ಗದ ಗಮನಕ್ಕೆ ಅರ್ಹವಾದ ಸಂಗತಿ.

ಅಮೆರಿಕದ ಅಟಾರಿ ಕಂಪನಿಯು ಮನೆಯ ಟೆಲಿವಿಷನ್ನಿಗೆ ಜೋಡಿಸಿ ಆಡುವ ಯಂತ್ರವೊಂದನ್ನು 1977ರಲ್ಲಿ ಹೊರತಂದಿತು. ಅದರಲ್ಲಿ ಆಡಲೆಂದು 1979ರಲ್ಲಿ ‘ವಿಡಿಯೋ ಚೆಸ್’ ಎಂಬ ಚದುರಂಗವು ಸಿದ್ಧವಾಯಿತು. ಆ ಯಂತ್ರದ ನೆನಪಿನ ಶಕ್ತಿ ಕೇವಲ 128 ಬೈಟ್. ಬೈಟಿಗೊಂದು ಅಕ್ಷರವೆಂದು ಹಿಡಿದರೆ, ಅನುಷ್ಟುಪ್ಪಿನ ನಾಲ್ಕು ಶ್ಲೋಕಗಳಷ್ಟೇ! ಆಟದ ಸೂತ್ರಗಳೆಲ್ಲವೂ 4 ಕಿಲೋಬೈಟಿನಲ್ಲಿ ಅಡಗಬೇಕು. ಎಂಟು ಕಾಯಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ತೋರಿಸುವುದೂ ಅದರ ಸಹಜಶಕ್ತಿಗೆ ಮೀರಿದ ಕೆಲಸವಾಗಿತ್ತು. ರಚಿಸಿದವರು ಗೆರೆ ಬಿಟ್ಟು ಗೆರೆ ಚಿತ್ರಿಸುವ ಉಪಾಯವನ್ನು ಕಂಡುಕೊಂಡರು. ಕಾಯಿಗಳು ತಡಿಕೆಯ ಸಂದಿನಲ್ಲಿ ಕಂಡಂತೆ ಕಾಣುತ್ತವೆ. ಇನ್ನೊಂದು ಸೋಜಿಗವುಂಟು. ಚಿತ್ರ ಬರೆಯುವುದೂ ನಡೆ ಚಿಂತಿಸುವುದೂ ಒಂದೇ ಮಿದುಳಿನ ಕೆಲಸವಾದುದರಿಂದ, ಯೋಚಿಸುವಷ್ಟು ಹೊತ್ತು ಅದು ಮಣೆಯನ್ನೇ ಮರೆಮಾಡಿ ಬರಿಯ ಬಣ್ಣಗಳನ್ನು ಮಿನುಗಿಸುತ್ತದೆ. ಅವಧಾನಿಯು ಕಣ್ಮುಚ್ಚಿ ಕುಳಿತ ಭಂಗಿಯೇ ಸರಿ. ಕಠಿಣವಾದ ಹಂತಗಳಲ್ಲಂತೂ ಒಂದು ನಡೆಗೆ ಗಂಟೆಗಟ್ಟಲೆ ಕಾಯಬೇಕು.

ಈ ಮುದಿ ಆಟವನ್ನು 2025ರ ಜೂನ್ ತಿಂಗಳಿನಲ್ಲಿ ಅಮೆರಿಕದ ತಂತ್ರಜ್ಞರೊಬ್ಬರು ಮತ್ತೆ ಹೊರತೆಗೆದು, ಜಗತ್ತೆಲ್ಲ ಕೊಂಡಾಡುವ ‘ಚಾಟ್‌ಜಿಪಿಟಿ’ ಎಂಬ ಸಂಭಾಷಣಾ ಯಂತ್ರವನ್ನು ಅದರೆದುರು ಕೂರಿಸಿದರು. ಹಂತವೋ ಆರಂಭಿಕರದು. ಆದರೂ ಮಾತುಗಾರ ಯಂತ್ರವು ಆನೆಯನ್ನು ಒಂಟೆಯೆಂದು ಭ್ರಮಿಸಿತು. ಯಾವ ಕಾಯಿ ಎಲ್ಲಿದೆ ಎಂಬುದನ್ನು ಮತ್ತೆ ಮತ್ತೆ ಮರೆಯಿತು. ಕಾಯಿಗಳ ಚಿತ್ರವೇ ಅಸ್ಪಷ್ಟವೆಂದು ದೂರಿತು. ಕುಣಿಯಲಾರದವಳಿಗೆ ನೆಲ ಡೊಂಕು. ಚಿತ್ರವನ್ನು ಬಿಟ್ಟು ಅಕ್ಷರಸಂಕೇತಗಳಲ್ಲಿ ನಡೆಗಳನ್ನು ತಿಳಿಸಿದರೂ ಆಟ ಸುಧಾರಿಸಲಿಲ್ಲ. ಒಂದೂವರೆ ಗಂಟೆ ಹೆಣಗಿ ಕೊನೆಗೆ ಸೋಲೊಪ್ಪಿತು.

ಅದು ಚದುರಂಗಕ್ಕೆಂದು ಮಾಡಿದ ಯಂತ್ರವಲ್ಲವೆಂಬ ಸಮಾಧಾನವನ್ನು ಹೇಳುವವರುಂಟು. ಸತ್ಯವೇ. ಚದುರಂಗಕ್ಕೆಂದೇ ನಿರ್ಮಿಸಿದ ‘ಡೀಪ್ ಬ್ಲೂ’ ಗಣಕವು ವಿಶ್ವವಿಜೇತ ಕಾಸ್ಪರೋವರನ್ನೇ 1997ರಲ್ಲಿ ಸೋಲಿಸಿತ್ತು. ಆದರೆ ಶಾಲೆಗೆ ಬರುವ ಬಾಲಕನೂ ಚದುರಂಗಕ್ಕೆಂದು ಹುಟ್ಟಿದವನಲ್ಲ. ಆಟದ ಕುರಿತು ಸೊಗಸಾಗಿ ಮಾತನಾಡಬಲ್ಲುದು ಮಣೆಯನ್ನು ಮನಸ್ಸಿನಲ್ಲಿ ಹಿಡಿದಿಡಲಾರದೆ ಹೋಯಿತು. ಮಾತೇ ಬಾರದುದು ಹಿಡಿದಿಟ್ಟು ಗೆದ್ದಿತು. ಧಾರಣೆಗೂ ವಾಗ್ಮಿತೆಗೂ ಇರುವ ಅಂತರವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಟ್ಟ ನಿದರ್ಶನವು ಬೇರೆ ದೊರೆಯುವುದು ಕಷ್ಟ.

ಈ ನಾಡಿನ ವಿದ್ಯೆಯಲ್ಲಿ ಚದುರಂಗವು ಧಾರಣೆಯ ಮಗ್ಗುಲಲ್ಲೇ ಬೆಳೆಯಿತು. ಕುದುರೆಯ ನಡೆಯನ್ನನುಸರಿಸಿ ಮನೆಯಿಂದ ಮನೆಗೆ ಅಕ್ಷರಗಳನ್ನು ಓದಿದರೂ ಪದ್ಯವಾಗುವ ತುರಗಪದಬಂಧವನ್ನು ಒಂಬತ್ತನೆಯ ಶತಮಾನದ ರುದ್ರಟನು ‘ಕಾವ್ಯಾಲಂಕಾರ’ದಲ್ಲಿ ಕೊಟ್ಟಿದ್ದಾನೆ. ಮದ್ದೂರಿನ ಹೆದ್ದಾರಿ ಹೋಗಿ ಸೇರುವ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868), ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಮುಗಿಸುವ ನಡೆಗಳನ್ನು ರಚಿಸಿದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ಯು ಆಟಗಳ ವಿಷಯವಾದುದು. ಶಿವನಿಧಿ, ಆಗಮನಿಧಿಗಳ ಪಂಕ್ತಿಯಲ್ಲಿ ಆಟಕ್ಕೂ ಒಂದು ಎಲೆ ಹಾಕಿದ ಅರಸರ ಔದಾರ್ಯವು ಇಂದಿನ ವೇಳಾಪಟ್ಟಿಗಳಲ್ಲಿ ಕಾಣುವುದಿಲ್ಲ.

ಕಂಠಪಾಠದವರಿಗೂ ಒಂದು ಮಾತು ಹೇಳಬೇಕಾಗಿದೆ. ಅರ್ಥವರಿಯದೆ ಸಾವಿರ ಶ್ಲೋಕ ಒಪ್ಪಿಸಿ, ಒಂದು ಪದ ಬದಲಿಸಿ ಕೇಳಿದರೆ ಕಕ್ಕಾಬಿಕ್ಕಿಯಾಗುವ ವಿದ್ಯಾರ್ಥಿಗಳನ್ನು ಹಳೆಯ ಪಾಠಶಾಲೆಗಳೂ ಧಾರಾಳವಾಗಿ ತಯಾರಿಸಿವೆ. ವಿಡಿಯೋ ಚೆಸ್ಸಿಗೂ ಚದುರಂಗವಲ್ಲದೆ ಬೇರೇನೂ ತಿಳಿಯದು. ನೆನಪಿನಲ್ಲಿಟ್ಟುದನ್ನು ಎದುರಾಳಿಯ ನಡೆಗೆ ತಕ್ಕಂತೆ ಕದಲಿಸಲು ಬರಬೇಕು. ಬರಿಯ ಒಪ್ಪಿಸುವಿಕೆಯಿಂದ ಅದು ಬಾರದು, ಮಣೆಯಾಟದಿಂದ ಬರುತ್ತದೆ.

ಆದುದರಿಂದ ದಾನಿಗಳು ಗಣಕಯಂತ್ರಗಳ ಕೊಠಡಿಗೆ ಧನವೀಯುವಾಗ ಅದರ ಪಕ್ಕದಲ್ಲೇ ಹತ್ತು ಚದುರಂಗದ ಮಣೆಗಳಿಗೂ ವಾರಕ್ಕೆರಡು ಅವಧಿಗಳಿಗೂ ಏರ್ಪಾಡು ಮಾಡಿಸುವುದು ಉಚಿತ. ಮೊದಲ ವರ್ಷ ಮಣೆ ನೋಡಿ ಆಡಲಿ. ಎರಡನೆಯ ವರ್ಷ ಹತ್ತು ನಡೆಗಳಾದರೂ ಕಣ್ಣು ಮುಚ್ಚಿ ಹೇಳಲಿ. ಕಿರಿಯ ತರಗತಿಗಳಿಗೆ ಚೌಕಾಬಾರವೇ ಸಾಕು. ಅದಕ್ಕೆ ದಾನಿಗಳೂ ಬೇಡ. ಜಗಲಿಯ ಮೇಲೆ ಇದ್ದಿಲಿನಿಂದ ಇಪ್ಪತ್ತೈದು ಮನೆ ಬರೆದು, ನಾಲ್ಕು ಕವಡೆ ತಂದರಾಯಿತು. ಕವಡೆ ಸಿಗದಿದ್ದರೆ ಹುಣಿಸೆಬೀಜವನ್ನು ಒಂದು ಮಗ್ಗುಲು ಉಜ್ಜಿಕೊಳ್ಳುವುದನ್ನು ಮನೆಯ ಅಜ್ಜಿಯರೇ ಹೇಳಿಕೊಡುತ್ತಾರೆ.