ನಕಾಶೆಯಲ್ಲಿ ಕಾಣದ ಹೆಂಗಸರು

30 ವರ್ಷ ಮಕ್ಕಳಿಗೆ ಭೂಗೋಳ ಕಲಿಸಿದವಳು ನಾನು. ನಕಾಶೆಯಲ್ಲಿದ್ದದ್ದೆಲ್ಲ ನಿಜವೆಂದು ನಂಬಿದ್ದೆ, ಮಕ್ಕಳನ್ನೂ ನಂಬಿಸಿದ್ದೆ. ಆ ನಂಬಿಕೆಯನ್ನು ಅಲುಗಿಸಿದವಳು ಕುಮಟೆಯ ನಮ್ಮ ಮನೆ ಬಾಗಿಲಿಗೆ ಬಳಚು ಮಾರಲು ಬರುವ ಹೆಂಗಸು.

ಕರಾವಳಿ ಸಂರಕ್ಷಣೆಯ ಯೋಜನೆ ಕುರಿತು ಒಂದು ಸಭೆ ನಡೆದಿತ್ತು. ಗೋಡೆಯ ಮೇಲೆ ಉಪಗ್ರಹ ಚಿತ್ರಗಳಿಂದ ತಯಾರಿಸಿದ ಬಣ್ಣದ ನಕಾಶೆ, ಬರಹವೆಲ್ಲ ಇಂಗ್ಲಿಷಿನಲ್ಲಿ. ನಾನು ಅವಳಿಗೆ ಓದಿ ಹೇಳುತ್ತಿದ್ದೆ. ಅವಳು ಅಘನಾಶಿನಿಯ ಅಳಿವೆಯ ಮೇಲೆ ಬೆರಳಿಟ್ಟು ಕೇಳಿದಳು: "ಇದ್ರಲ್ಲಿ ಬರೀ ನೀರೇ ಅದ್ಯಲ್ರಾ ಅಕ್ಕೋರೆ? ನಾವು ಬಳಚು ತೆಗೆಯೂ ಜಾಗ ಎಲ್ಲದೆ?"

ವೇದಿಕೆಯ ಮೇಲಿದ್ದವರೊಬ್ಬರು ನಕ್ಕು, "ಉಪಗ್ರಹ ಸುಳ್ಳು ಹೇಳುವುದಿಲ್ಲಮ್ಮ" ಎಂದರು.

ಸುಳ್ಳು ಹೇಳುವುದಿಲ್ಲ, ನಿಜ. ಆದರೆ ತಾನು ಕಂಡಷ್ಟನ್ನೇ ಹೇಳುತ್ತದೆ. ನೆಲದ ಚಿತ್ರ ತೆಗೆಯುವ ಉಪಗ್ರಹಗಳಲ್ಲಿ ಅನೇಕವು ನಮ್ಮ ತಲೆಯ ಮೇಲೆ ಹಾಯುವುದು ಬೆಳಗಿನ ಹತ್ತೂವರೆಯ ಆಸುಪಾಸಿನಲ್ಲಿ. ಸಮುದ್ರದ ಉಬ್ಬರ ಇಳಿತಗಳಿಗೆ ಆ ಗಡಿಯಾರದ ಹಂಗಿಲ್ಲ; ದಿನದಿನಕ್ಕೂ ಅವುಗಳ ಹೊತ್ತು ಜಾರುತ್ತದೆ. ಉಬ್ಬರದಲ್ಲಿ ತೆಗೆದ ಚಿತ್ರದಲ್ಲಿ ಅಳಿವೆಯೆಲ್ಲ ನೀರು. ಇಳಿತದಲ್ಲಿ ತೆರೆದುಕೊಳ್ಳುವ ಕೆಸರುಬಯಲೂ ಇಲ್ಲ, ಅಲ್ಲಿ ಸೊಂಟ ಬಗ್ಗಿಸಿ ಬಳಚು ಹೆಕ್ಕುವವರ ಗುರುತೂ ಇಲ್ಲ. ಕಡಲು ಅಬ್ಬರಿಸಿ ದಂಡೆ ಕೊರೆಯುವ ಮಳೆಗಾಲದಲ್ಲಂತೂ ಈ ಚಿತ್ರಗಳಿಗೆ ಮೋಡದ ಮುಸುಕು. ಮೋಡ ದಾಟಿ ನೋಡುವ ರಾಡಾರ್ ಉಪಗ್ರಹಗಳಿವೆ. ಆದರೆ ಯಾವ ದಿಬ್ಬ ಯಾರ ಅನ್ನ ಎಂದು ಅವೂ ಹೇಳಲಾರವು.

ಉಪಗ್ರಹವೇ ಬೇಡವೆನ್ನುವಷ್ಟು ಮೂಢಳಲ್ಲ ನಾನು. ವರ್ಷವರ್ಷದ ಚಿತ್ರಗಳನ್ನು ಹೋಲಿಸಿದರೆ ದಂಡೆ ಎಲ್ಲಿ ಸವೆಯಿತು, ಎಲ್ಲಿ ಬೆಳೆಯಿತು, ಕಾಂಡ್ಲಾ ಕಾಡು ಎಷ್ಟು ಹಬ್ಬಿತು ಎಂಬುದು ತಿಳಿಯುತ್ತದೆ. ಒಂದೂರಿನ ಕಲ್ಲಿನ ತಡೆಗೋಡೆ ಪಕ್ಕದೂರಿನ ಮರಳನ್ನು ಕಸಿದುಕೊಂಡರೆ ಅದೂ ಬಯಲಾಗುತ್ತದೆ. ಅಂಥ ಸಾಕ್ಷಿ ಬೇಕೇ ಬೇಕು. ನನ್ನ ತಕರಾರು ಇಷ್ಟೇ: ಅದೊಂದೇ ಸಾಕ್ಷಿಯನ್ನು ಕೇಳಿ ತೀರ್ಪು ಬರೆಯಬೇಡಿ.

ಇದು ನನ್ನ ಹೊಸ ಬೇಡಿಕೆಯೇನಲ್ಲ. ಮೀನುಗಾರರ ಹಳ್ಳಿ, ಅವರ ಸಾಮೂಹಿಕ ಜಾಗ, ಮೀನು ಒಣಗಿಸುವ ಬಯಲುಗಳನ್ನು ಸ್ಥಳೀಯ ನಕಾಶೆಯಲ್ಲಿ ಗುರುತಿಸಬೇಕೆಂದು 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೇ ಹೇಳಿತ್ತು. ಅದರ ಜಾಗಕ್ಕೆ ಬಂದ 2019ರ ಅಧಿಸೂಚನೆ, ಜನಸಾಂದ್ರತೆ ಹೆಚ್ಚಿರುವ ಹಳ್ಳಿಗಳಲ್ಲಿ ಕಟ್ಟಡ ನಿಷೇಧದ ಪಟ್ಟಿಯನ್ನು 200 ಮೀಟರಿನಿಂದ 50 ಮೀಟರಿಗೆ ಇಳಿಸಿತು. ಪಟ್ಟಿ ಕಿರಿದಾದಷ್ಟೂ ಗೆರೆಯ ಬೆಲೆ ಹೆಚ್ಚು. ಮೀನು ಹರವದ ತಿಂಗಳಲ್ಲಿ ಒಣಗಿಸುವ ಬಯಲು ಮೇಲಿನಿಂದ ಬರೀ ಮರಳು. ಕಾಗದದಲ್ಲಿ ಅದು 'ಖಾಲಿ ಜಾಗ'ವೆಂದು ಬಿದ್ದರೆ, ನಾಳೆ ಅಲ್ಲೊಂದು ರೆಸಾರ್ಟ್ ಎದ್ದಾಗ ಯಾವ ಹೆಂಗಸು ಯಾವ ದಾಖಲೆ ಹಿಡಿದು ವಾದಿಸಬೇಕು?

ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದಾಗ ನಾವೆಲ್ಲ ಹಿಗ್ಗಿದೆವು. ಹಿಗ್ಗುವ ವಿಷಯವೇ. ಆದರೆ ಹಕ್ಕಿ, ಕಾಂಡ್ಲಾಗಳನ್ನು ಎಣಿಸಿದ ಮೇಲೆ ಬಳಚು ಹೆಕ್ಕುವವರನ್ನು ಮರೆತರೆ ಅದೆಂಥ ಸಂರಕ್ಷಣೆ? ಯಾವ ದಿಬ್ಬದಲ್ಲಿ ಬಳಚು ಕಡಿಮೆಯಾಯಿತೆಂದು ಮೊದಲು ತಿಳಿಯುವುದು ಅವರ ಬೆರಳುಗಳಿಗೇ.

ಪಟ್ಟಣದ ನಾವು ಕಡಿಮೆಯವರಲ್ಲ. "ಇನ್ನೊಂದು ಹಿಡಿ ಹಾಕು" ಎಂದು ಬಾಗಿಲಲ್ಲಿ ಚೌಕಾಸಿ ಮಾಡುತ್ತೇವೆ. ಆ ಬಳಚಿನ ಜಾಗ ಉಳಿಯುವ ಪ್ರಶ್ನೆ ಬಂದಾಗ "ನಮಗೇಕೆ ಸಭೆಯ ಉಸಾಬರಿ" ಎನ್ನುತ್ತೇವೆ. ನಮಗೆ ಓದು ಬರುತ್ತದೆ, ಅವರಿಗೆ ಜಾಗ ಗೊತ್ತು. ಮುಂದಿನ ಸಲ ಕರಡು ನಕಾಶೆ ಹೊರಬಿದ್ದಾಗ ಇಬ್ಬರೂ ಜೊತೆಯಲ್ಲಿ ಹೋಗೋಣ. ಯಾವ ತಿಂಗಳ ಚಿತ್ರ, ಉಬ್ಬರದ್ದೋ ಇಳಿತದ್ದೋ ಎಂದು ಕೇಳೋಣ. ಕನ್ನಡದಲ್ಲಿ ಬರೆದುಕೊಡಿ ಎನ್ನೋಣ. ಬಿಟ್ಟುಹೋದ ಜಾಗಗಳನ್ನು ಅವರು ತೋರಿಸಲಿ, ನಾವು ಆಕ್ಷೇಪಣೆ ಬರೆದು ಸ್ವೀಕೃತಿ ಪಡೆಯೋಣ.

ನಾನಂತೂ ಅರ್ಜಿಯ ಕಾಗದ ತಂದಿಟ್ಟುಕೊಂಡಿದ್ದೇನೆ.